ಪರದೆಯ ಆಚೆಯ ಕೈ

ಕಲೊಲೈನೆ ಸಿಟ್ಟು ಬಂದಾಗ ಪಾತ್ರೆ ಕುಕ್ಕುವವಳಲ್ಲ, ಬಾಗಿಲು ಬಡಿಯುವವಳೂ ಅಲ್ಲ. ಸಿಟ್ಟು ಏರಿದಷ್ಟೂ ಅವಳ ಕೆಲಸ ಅಚ್ಚುಕಟ್ಟಾಗುತ್ತಿತ್ತು. ಮೊತುಹೇವಾ ದ್ವೀಪದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ನರ್ಸಾಗಿದ್ದ ಅವಳ ವಾರ್ಡಿನಲ್ಲಿ ಹಾಸಿಗೆಯ ಬಟ್ಟೆಗಳು ಒಂದು ಸುಕ್ಕೂ ಇಲ್ಲದೆ ಬಿಗಿದು ಕೂತಿದ್ದರೆ ಉಳಿದ ನರ್ಸುಗಳು ದನಿ ತಗ್ಗಿಸುತ್ತಿದ್ದರು. ಸ್ಕ್ಯಾನಿಂಗ್ ಯಂತ್ರ ಬಂದ ವರ್ಷ ಆ ಬಟ್ಟೆಗಳು ಒಂದು ದಿನವೂ ಸಡಿಲಾಗಲಿಲ್ಲ.

ಯಂತ್ರ ಬಂದದ್ದು ಟೋಂಗಾದ ರಾಜಧಾನಿಯಿಂದ, ವಾರಕ್ಕೊಮ್ಮೆಯ ಹಡಗಿನಲ್ಲಿ, ಹಿಟ್ಟಿನ ಮೂಟೆ ಮತ್ತು ಡಬ್ಬಿಮಾಂಸದ ಪೆಟ್ಟಿಗೆಗಳ ನಡುವೆ. ಅದರ ಹಿಂದೆಯೇ ಆಕ್ಲೆಂಡಿನಿಂದ ತರಬೇತಿಯ ಮೇಲ್ವಿಚಾರಕಿ ಮಿಸ್ ಹಾರ್ಗ್ರೀವ್ಸ್ ಬಂದರು. ಯಂತ್ರ ಕೊಟ್ಟ ದಾನಿಗಳು ಒಬ್ಬರಿಗಷ್ಟೇ ತರಬೇತಿ ಕೊಡಿಸುವವರಿದ್ದರು. ಆ ಒಬ್ಬರು ಮೊದಲು ಇಲ್ಲೇ ಇನ್ನೂರು ಸ್ಕ್ಯಾನಿಂಗ್ ಮಾಡಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಮಿಸ್ ಹಾರ್ಗ್ರೀವ್ಸ್ ವರ್ಷಕ್ಕೆ ಎರಡು ಸಲ ಬಂದು ಯಂತ್ರದಲ್ಲಿ ಉಳಿದ ಚಿತ್ರಗಳನ್ನು ನೋಡಿ ಸಹಿ ಹಾಕುತ್ತಾರೆ. ಆಮೇಲೆ ಒಂದು ವರ್ಷ ಫಿಜಿಯ ಸುವಾದಲ್ಲಿ ಓದು.

ಕಲೊಲೈನೆ ಅರ್ಜಿ ಬರೆದುಕೊಂಡು ಹಿರಿಯ ವೈದ್ಯ ಫಿಫಿಟಾ ಅವರ ಮೇಜಿನ ಮುಂದೆ ನಿಂತಳು.

"ಎಕ್ಸ್‌ರೇ ಕಲ್ತೋರೇ ಬೇಕು ಅಂತ ಕಾಗದದಲ್ಲಿದೆಯಮ್ಮ," ಎಂದರು ಫಿಫಿಟಾ. "ನಮ್ಮ ಎಕ್ಸ್‌ರೇ ಸೆಮಿಸಿ ಹೆಸರು ಕಳಿಸ್ಬಿಟ್ಟಿದೀನಿ."

"ಡಾಕ್ಟ್ರೇ, ಸ್ಕ್ಯಾನಿಂಗಿಗೆ ಬರೋರೆಲ್ಲ ಹೆಂಗಸರು. ಸೆಮಿಸಿಗೆ ಈ ದ್ವೀಪದಲ್ಲಿ ಎಷ್ಟು ಜನ ಅಕ್ಕತಂಗಿಯರು ಅಂತ ಲೆಕ್ಕ ಹಾಕಿದೀರಾ?"

ಫಿಫಿಟಾ ಹಾಕಿರಲಿಲ್ಲ. ಅಲ್ಲಿ ಪ್ರಾಯಕ್ಕೆ ಬಂದ ಗಂಡಸು ಅಕ್ಕತಂಗಿಯರು ಮಲಗಿರುವ ಕೋಣೆಗೆ ಕಾಲಿಡುವುದಿಲ್ಲ; ಅವರ ಮುಂದೆ ಬಸಿರು, ಹೊಟ್ಟೆ ಎಂಬ ಮಾತನ್ನೂ ಎತ್ತುವುದಿಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಅತ್ತೆಯರ ಹೆಣ್ಣುಮಕ್ಕಳೂ ಅಕ್ಕತಂಗಿಯರೇ. ಸೆಮಿಸಿಯ ಅಜ್ಜನಿಗೆ ಹನ್ನೊಂದು ಮಕ್ಕಳು. ಅವನಿಗೆ ಮದುವೆಗೆ ಹೆಣ್ಣು ಸಿಕ್ಕಿದ್ದೇ ಪಕ್ಕದ ದ್ವೀಪಕ್ಕೆ ದೋಣಿ ಹೋಗುವುದರಿಂದ ಎಂದು ಊರು ನಗುತ್ತಿತ್ತು.

ಎರಡನೆಯ ವಾರಕ್ಕೇ ಸೆಮಿಸಿ ವಾರ್ಡಿನ ಬಾಗಿಲಿಗೆ ಬಂದ. ದೊಡ್ಡ ಆಳು, ಮೆತ್ತನೆಯ ದನಿ. ಅಲ್ಲಿನವರು ಮರ್ಯಾದೆಗೆಂದು ಉಡುವಂತೆ ಸಮವಸ್ತ್ರದ ಮೇಲೆ ಸೊಂಟಕ್ಕೆ ಕಟ್ಟಿದ ಚಾಪೆ ಯಾವತ್ತೂ ಹೊಸದರಂತೆ ಇರುತ್ತಿತ್ತು.

"ಲೈನೆ, ಒಂದ್ ಹತ್ತು ನಿಮಿಷ ಬಾ. ಒಳಗಡೆ ಇರೋಳು ನಮ್ ಚಿಕ್ಕಪ್ಪನ ಮಗಳು. ಪ್ರೋಬ್ ನೀನ್ ಹಿಡ್ಕೋ. ನಾನು ಪರದೆ ಆಚೆ ಕೂತು ಹೇಳ್ತೀನಿ."

ಹತ್ತು ನಿಮಿಷ ಎಂದದ್ದು ಆರು ತಿಂಗಳಾಯಿತು. ಮಂಚಕ್ಕೂ ಯಂತ್ರಕ್ಕೂ ನಡುವೆ ಹೂವಿನ ಚಿತ್ರದ ಹಳೆಯ ಪರದೆ ಬಿತ್ತು. ಯಂತ್ರದ ಮುಖ ಸೆಮಿಸಿಯ ಕಡೆಗೆ. ಹೊಟ್ಟೆ, ಅದಕ್ಕೆ ಬಳಿಯುವ ಜೆಲ್ಲು, ಅದರ ಮೇಲೆ ಆಡಿಸುವ ಪ್ರೋಬು ಕಲೊಲೈನೆಯ ಕಡೆಗೆ. ಒಳಗಿರುವವಳು ಯಾರೆಂದು ಗೊತ್ತಾಗದಿದ್ದರೆ ನೋಡಿದ ಹಾಗಾಗುವುದಿಲ್ಲ ಎಂದು ಅವನೇ ಒಂದು ಕಟ್ಟಳೆ ಮಾಡಿಕೊಂಡ. ಹೆಂಗಸಿನ ಹೆಸರು ಹೇಳಬಾರದು. ದನಿ ಕೇಳಿದರೆ ಗುರುತು ಹತ್ತುತ್ತದೆ, ಆದ್ದರಿಂದ ಅವಳು ಬಾಯಿ ಬಿಡಬಾರದು. ನೋವಿನಿಂದ ಬಂದವರು ತುಟಿ ಕಚ್ಚಿಕೊಂಡು ಮಲಗುತ್ತಿದ್ದರು. ಒಬ್ಬಳು ಕಲೊಲೈನೆಯ ಮೊಣಕೈಯನ್ನು ಉಗುರು ಇಳಿಯುವಷ್ಟು ಹಿಂಡಿದಳೇ ಹೊರತು ಉಸಿರೆತ್ತಲಿಲ್ಲ.

"ಸ್ವಲ್ಪ ಎಡಕ್ಕೆ. ಒತ್ತು. ಓರೆ ಮಾಡು," ಎನ್ನುತ್ತಿತ್ತು ಪರದೆಯ ಆಚೆಯ ದನಿ.

"ಒತ್ತಿದ್ರೆ ಇವಳಿಗೆ ನೋಯ್ತಿದೆ."

"ಹೇಳ್ಬೇಡ, ಹೇಳ್ಬೇಡ. ಚಿತ್ರ ಬರ್ತಿದೆ, ಹಾಗೇ ಇರು."

ಕಾಣದ ಚಿತ್ರಕ್ಕಾಗಿ ಕೈ ಆಡಿಸುತ್ತ ಕಲೊಲೈನೆಗೆ ಮೊದಲ ತಿಂಗಳು ಭುಜ ಸೆಟೆದುಕೊಂಡಿತು, ಮಣಿಕಟ್ಟು ಊದಿತು. ಆಮೇಲೆ ಕೈಗೆ ತಾನಾಗಿ ದಾರಿ ತಿಳಿಯತೊಡಗಿತು. ಎಷ್ಟು ವಾಲಿಸಿದರೆ ಸೆಮಿಸಿ "ಹಾಂ" ಎನ್ನುತ್ತಾನೆ, ಎಲ್ಲಿ ನಿಂತರೆ ಗುಂಡಿ ಒತ್ತಿ ಚಿತ್ರ ಉಳಿಸುತ್ತಾನೆ ಎಂದು ಅವನಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಅವನು ಊಟಕ್ಕೆ ಮನೆಗೆ ಹೋದಾಗ ಯಂತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತನ್ನ ಹೊಟ್ಟೆಗೇ ಜೆಲ್ ಬಳಿದುಕೊಂಡು, ಅವನ ಪಾಠದ ಪುಸ್ತಕವನ್ನು ಎದೆಯ ಮೇಲೆ ತೆರೆದಿಟ್ಟು ಪಿತ್ತಕೋಶ ಯಾವುದು, ಮೂತ್ರಪಿಂಡ ಯಾವುದು ಎಂದು ಹುಡುಕಿದಳು. ಬಲಗಡೆಯ ಮೂತ್ರಪಿಂಡ ಮೊದಲ ಸಲ ಸಿಕ್ಕಾಗ ಒಬ್ಬಳೇ ನಕ್ಕಳು.

"ಲೆಕ್ಕದ ಪುಸ್ತಕದಲ್ಲಿ ನನ್ ಹೆಸರೂ ಬರೀತಿದೀಯ ತಾನೆ?" ಎಂದು ಒಮ್ಮೆ ಕೇಳಿದ್ದಳು.

"ಅದಕ್ಕೆಲ್ಲ ಒಂದು ಜಾಗ ಇದೆ ಲೈನೆ. ಮಿಸ್ ಬಂದಾಗ ಕೇಳೋಣ," ಎಂದಿದ್ದ ಸೆಮಿಸಿ.

ಮಿಸ್ ಹಾರ್ಗ್ರೀವ್ಸ್ ಮತ್ತೆ ಬರುವುದಕ್ಕೆ ಮೂರು ದಿನ ಮೊದಲು, ಶನಿವಾರ ಮಧ್ಯಾಹ್ನ, ಸೆಮಿಸಿಯ ಒಡಹುಟ್ಟಿದ ಅಕ್ಕ ತೆಲೇಸಿಯಾಳನ್ನು ಪಿಕಪ್ ಗಾಡಿಯ ಹಿಂಭಾಗದಲ್ಲಿ ಮಲಗಿಸಿಕೊಂಡು ತಂದರು. ಮುಖ ಬೂದಿ ಬಡಿದಂತಿತ್ತು, ಹೊಟ್ಟೆ ಹಲಗೆಯಾಗಿತ್ತು. ಅಕ್ಕ ಬಂದಳೆಂದು ತಿಳಿದದ್ದೇ ಸೆಮಿಸಿ ಕೋಣೆಯಿಂದಷ್ಟೇ ಅಲ್ಲ, ಆ ಕಟ್ಟಡದಿಂದಲೇ ಹೊರಗೆ ನಡೆದ. ಬೇಲಿಯ ಹತ್ತಿರ ದೀವಿಹಲಸಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತುಬಿಟ್ಟ.

ಕಲೊಲೈನೆ ಪರದೆಯನ್ನು ಸರ್ರನೆ ಎಳೆದು ಪಕ್ಕಕ್ಕೆ ಹಾಕಿದಳು. ಯಂತ್ರವನ್ನು ತನ್ನ ಕಡೆಗೆ ತಿರುಗಿಸಿದಳು.

"ಅಕ್ಕ, ನೋವಾದ್ರೆ ಕೂಗು. ಕೇಳೋರು ಯಾರೂ ಇಲ್ಲ."

ತೆಲೇಸಿಯಾ ಕೂಗಿದಳು. ಮೂತ್ರದ ಪರೀಕ್ಷೆ ಬಸಿರು ಎನ್ನುತ್ತಿತ್ತು, ಗರ್ಭಕೋಶ ಖಾಲಿಯಿತ್ತು. ಅದರ ಹಿಂದೆ, ಇರಬಾರದ ಜಾಗದಲ್ಲಿ, ಕಪ್ಪಗೆ ಏನೋ ನೀರಿನಂತೆ ಹರಡಿಕೊಂಡಿತ್ತು. ಪಾಠದ ಪುಸ್ತಕದಲ್ಲಿ ಆ ಪುಟವನ್ನು ಕಲೊಲೈನೆ ನಾಲ್ಕು ಸಲ ಓದಿದ್ದಳು. ಚಿತ್ರ ಉಳಿಸಿ, ಕೈಯಲ್ಲಿ ಜೆಲ್ ಇದ್ದ ಹಾಗೆಯೇ ಓಡಿದಳು.

"ನಳಿಕೆಯಲ್ಲಿ ಬಸಿರು ನಿಂತು ಒಡೆದಿದೆ ಡಾಕ್ಟ್ರೇ. ಹೊಟ್ಟೆ ತುಂಬ ರಕ್ತ ಇದೆ."

ಫಿಫಿಟಾ ಬಂದು ಚಿತ್ರ ನೋಡಿದರು, ಯಾರು ತೆಗೆದದ್ದೆಂದು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಹೊಟ್ಟೆ ತೆರೆದರು. ತೆಲೇಸಿಯಾ ಉಳಿದಳು.

ಮಂಗಳವಾರ ಮಿಸ್ ಹಾರ್ಗ್ರೀವ್ಸ್ ಬಂದು ಸೆಮಿಸಿಯ ಲೆಕ್ಕದ ಪುಸ್ತಕ ತೆರೆದು ಕೂತರು. ಚಹಾ ಕೊಡಲು ಹೋದ ಕಲೊಲೈನೆಯನ್ನೂ ಕೂರಲು ಹೇಳಿದರು.

"ನೋಡು, ಈ ಕೊನೆಯದು," ಎಂದರು ಸೆಮಿಸಿಗೆ. "ನೂರ ನಲವತ್ತೊಂದನೆಯದು. ಅಷ್ಟು ಅವಸರದಲ್ಲೂ ಕೈ ನಡುಗಿಲ್ಲ. ಹತ್ತು ವರ್ಷ ಅನುಭವ ಇರೋರೂ ಹೀಗೆ ತೆಗೆಯಲ್ಲ."

ಕಲೊಲೈನೆ ಬಗ್ಗಿ ನೋಡಿದಳು. ಶನಿವಾರದ ತಾರೀಖು. ರೋಗಿ: ಹೆಣ್ಣು, ಮೂವತ್ತನಾಲ್ಕು ವರ್ಷ. ಸ್ಕ್ಯಾನಿಂಗ್ ಮಾಡಿದವರು: ಸೆಮಿಸಿ. ಅದರ ಮೇಲಿನ ಸಾಲಿನಲ್ಲೂ ಸೆಮಿಸಿ. ಅದರ ಮೇಲೂ. ಅವಳು ಅವನ ಮುಖ ನೋಡಿದಳು. ಅವನು ಚಹಾದ ಲೋಟ ನೋಡುತ್ತಿದ್ದ.

ತನ್ನ ಕೈಯ ಕೆಲಸ ಕದ್ದದ್ದು ಹಾಗಿರಲಿ ಎನಿಸಿತು ಕಲೊಲೈನೆಗೆ. ಅಕ್ಕ ಸಾಯುತ್ತಿದ್ದಾಗ ಬೇಲಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದವನು, ಆ ಮರ್ಯಾದೆಯನ್ನಾದರೂ ಉಳಿಸಿಕೊಳ್ಳಲಿಲ್ಲವಲ್ಲ. ಕಾಗದದ ಮೇಲೆ ಅಕ್ಕನ ಹೊಟ್ಟೆ ಮುಟ್ಟಿದ್ದ. ಮಿಸ್ ಹಾರ್ಗ್ರೀವ್ಸ್ ಕೈ ತೊಳೆಯಲು ಎದ್ದು ಹೋದಾಗ ಕಲೊಲೈನೆ ಪುಸ್ತಕವನ್ನು ಕಂಕುಳಿಗಿಟ್ಟುಕೊಂಡು ವಾರ್ಡಿಗೆ ನಡೆದಳು. ಸೆಮಿಸಿ ಹಿಂದೆ ಬಂದವನು ಬಾಗಿಲಲ್ಲೇ ನಿಂತ. ಒಳಗೆ ಅಕ್ಕ ಮಲಗಿದ್ದಳು.

ತೆಲೇಸಿಯಾ ಆ ಸಾಲನ್ನು ಓದಿ ಪುಸ್ತಕ ಮುಚ್ಚಿದಳು.

"ಇದನ್ನ ನಾನು ಅವನ ಹತ್ರ ಬಾಯಿಬಿಟ್ಟು ಕೇಳೋ ಹಾಗಿಲ್ಲ," ಎಂದಳು. "ಸೋದರತ್ತೆಗೆ ಹೇಳಿಕಳ್ಸು."

ಅಪ್ಪನ ಅಕ್ಕನ ಮಾತಿಗೆ ಎದುರಾಡುವ ಗಂಡಸು ಆ ದ್ವೀಪದಲ್ಲಿ ಹುಟ್ಟಿಲ್ಲ. ಅತ್ತೆ ಫೆಹಿ ಸಂಜೆಗೆ ಮುಂಚೆ ಬಂದು ಆಸ್ಪತ್ರೆಯ ಜಗುಲಿಯಲ್ಲಿ ಚಾಪೆ ಹಾಸಿ ಕೂತರು. ಸೆಮಿಸಿ ಮುಂದೆ ಬಂದು ನೆಲಕ್ಕೆ ಕುಕ್ಕರಿಸಿದ.

"ಶನಿವಾರ ನೀನು ಎಲ್ಲಿದ್ದೆ?"

"ಹೊರಗಡೆ, ಅತ್ತೆ."

"ಪುಸ್ತಕ ನೀನು ಒಳಗಡೆ ಇದ್ದೆ ಅಂತಿದೆ. ಯಾವುದು ನಿಜ?"

ಸೆಮಿಸಿ ಅತ್ತ. ಆ ದೊಡ್ಡ ಹೆಗಲುಗಳು ಕುಲುಕುವುದನ್ನು ಕಂಬದ ಪಕ್ಕ ನಿಂತು ನೋಡುತ್ತಿದ್ದ ಕಲೊಲೈನೆಗೆ ಒಂದಿಷ್ಟೂ ಕರುಳು ಚುರುಕ್ಕೆನ್ನಲಿಲ್ಲ.

"ಅಕ್ಕನ ಮುಂದೆ ತಲೆ ಎತ್ತೋ ಹಾಗಿರಬೇಕು ಅಂದ್ರೆ, ನಿಂದಲ್ಲದ್ದನ್ನೆಲ್ಲ ಹೊಡೆದುಹಾಕು," ಎಂದರು ಅತ್ತೆ.

ಅವನು ಮಿಸ್ ಹಾರ್ಗ್ರೀವ್ಸ್ ಎದುರೇ ಕೆಂಪು ಪೆನ್ನು ಹಿಡಿದು ಎಪ್ಪತ್ತೆಂಟು ಸಾಲು ಹೊಡೆದುಹಾಕಿದ; ಅವನೇ ಪ್ರೋಬ್ ಹಿಡಿದ, ನೆಂಟರಲ್ಲದವರ ಸಾಲುಗಳಷ್ಟೇ ಉಳಿದವು. ಇನ್ನು ತನ್ನ ಹೆಸರು ಬರುತ್ತದೆಂದು ಕಲೊಲೈನೆ ಕಾದಳು.

"ಈ ಪುಸ್ತಕವನ್ನೇ ನಂಬೋಕಾಗಲ್ಲ. ಈ ವರ್ಷ ಯಾರನ್ನೂ ಕಳಿಸಲ್ಲ," ಎಂದರು ಮಿಸ್ ಹಾರ್ಗ್ರೀವ್ಸ್.

"ಹತ್ತು ವರ್ಷ ಅನುಭವ ಇರೋರಿಗೂ ಬರದ ಕೈ ಅಂದ್ರಲ್ಲ ಮಿಸ್? ಆ ಕೈ ಇದೇ."

"ಕೈ ಒಳ್ಳೇದಿರಬಹುದು. ಆದ್ರೆ ನೀನು ನಮ್ಮ ಪಟ್ಟೀಲಿಲ್ಲ. ಪಟ್ಟೀಲಿಲ್ಲದೋರು ಪ್ರೋಬ್ ಹಿಡಿದಿದ್ದೇ ತಪ್ಪು. ಅದನ್ನ ನಾನು ವರದಿ ಮಾಡ್ಬೇಕು."

"ಮಾಡಿ," ಎಂದಳು ಕಲೊಲೈನೆ. "ಎಪ್ಪತ್ತೆಂಟು ಸಲ ತಪ್ಪು ಮಾಡಿದಾಳೆ ಅಂತ ಬರೀರಿ. ಅದರಲ್ಲಿ ಒಂದು ತಪ್ಪು ಆ ಮಂಚದ ಮೇಲೆ ಕೂತು ಗಂಜಿ ಕುಡೀತಿದೆ ಅಂತಾನೂ ಬರೀರಿ."

ಮರುದಿನದಿಂದ ಸೆಮಿಸಿ ತನ್ನ ಎಕ್ಸ್‌ರೇ ಕೋಣೆಗೆ ಮರಳಿದ, ಅವಳೂ ಪ್ರೋಬ್ ಮುಟ್ಟಲಿಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿ, ಅದರ ನಾಲ್ಕು ಮೂಲೆಗಳನ್ನೂ ಬಿಗಿಯಾಗಿ ಮಡಚಿ ಸಿಕ್ಕಿಸಿದಳು. ಫಿಫಿಟಾ ಕೇಳಿಕೊಂಡರು, ಗದರಿಸಿದರು. "ನಾನು ಪಟ್ಟೀಲಿಲ್ಲ ಡಾಕ್ಟ್ರೇ," ಎನ್ನುವುದೊಂದೇ ಅವಳ ಉತ್ತರ.

ಆ ವಾರವೇ ಸೆಮಿಸಿ ತಪ್ಪೊಪ್ಪಿಗೆಯ ಕಾಣಿಕೆಯಾಗಿ ಬೇಯಿಸಿದ ಇಡೀ ಹಂದಿ, ಗೆಣಸು ಹೊತ್ತು ಅತ್ತೆಯೊಂದಿಗೆ ಅವಳ ಮನೆಗೆ ಬಂದು, ಬಾಗಿಲಾಚೆ ತಲೆ ತಗ್ಗಿಸಿ ಕೂತ. ಕಲೊಲೈನೆಯ ತಾಯಿ ಹಂದಿಯನ್ನು ಒಳಗೆ ತೆಗೆದುಕೊಂಡರು.

"ಕ್ಷಮಿಸ್ಬಿಡೇ. ಭಾನುವಾರ ಚರ್ಚಲ್ಲಿ ಯಾವ ಮುಖ ಇಟ್ಕೊಂಡು ಪ್ರಾರ್ಥನೆ ಮಾಡ್ತೀಯ?"

"ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆಯಮ್ಮ," ಎಂದಳು ಕಲೊಲೈನೆ. ಹಂದಿ ಚೆನ್ನಾಗಿ ಬೆಂದಿತ್ತು, ತಿಂದಳು. ಭಾನುವಾರವೂ ಕ್ಷಮಿಸಲಿಲ್ಲ.

ಆರು ವಾರ ದ್ವೀಪದ ಬಸುರಿಯರು ಸ್ಕ್ಯಾನಿಂಗಿಗೆ ಹಡಗು ಹತ್ತಿದರು. ಅವರಲ್ಲಿ ಮೀನುಗಾರನೊಬ್ಬನ ಹೆಂಡತಿ ಸೀಯಾಲೆಗೆ ರಾಜಧಾನಿ ಮುಟ್ಟುವ ಮೊದಲೇ ಹೆರಿಗೆಯಾಯಿತು. ಒಂದು ಮಗು ಬಂತು, ಹಿಂದೆಯೇ ಯಾರಿಗೂ ಗೊತ್ತಿರದ ಇನ್ನೊಂದು. ಹಡಗಿನ ಅಡುಗೆಯವನು ಅವನ್ನು ಅಕ್ಕಿಯ ಚೀಲದ ಮೇಲೆ ಹಿಡಿದುಕೊಂಡ. ಕೂಸುಗಳೆರಡೂ ಬದುಕಿದ್ದು ದೇವರ ದಯೆ. ತಿರುಗಿ ಬಂದ ಸೀಯಾಲೆ ಎರಡು ಕೂಸುಗಳನ್ನೂ ಹೊತ್ತು ನೇರ ವಾರ್ಡಿಗೆ ಬಂದಳು.

"ಸಿಟ್ಟು ನಿಂದು, ವಾಂತಿ ನಂದು," ಎಂದಳು. "ಎರಡಿದೆ ಅಂತ ಹೇಳೋಕೆ ನಿಂಗೆ ಎರಡು ನಿಮಿಷ ಸಾಕಿತ್ತು. ಯಾರ ಮೇಲಿನ ಸಿಟ್ಟನ್ನ ಯಾರ ಹೊಟ್ಟೆ ಮೇಲೆ ತೀರಿಸ್ಕೊಂಡೆ?"

ಅವತ್ತು ಕಲೊಲೈನೆಗೆ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ತನ್ನ ಮೇಲೆಯೇ ಸಿಟ್ಟು ಉರಿಯಿತು, ಮನೆ ಮುಟ್ಟುವ ಹೊತ್ತಿಗೆ ಅದು ಮತ್ತೆ ಸರಿಯಾದ ವಿಳಾಸಕ್ಕೆ, ಪಟ್ಟಿ ಮಾಡಿದವರ ಕಡೆಗೆ, ತಿರುಗಿತು. ಮಾರನೆಯ ಬೆಳಗ್ಗೆ ಯಂತ್ರದ ಬಟ್ಟೆ ತೆಗೆದಳು. ಪರದೆಯನ್ನು ಒಗೆದು, ಮಡಚಿ, ಉಗ್ರಾಣಕ್ಕೆ ಕಳಿಸಿದಳು. ಆಮೇಲೆ ಫಿಫಿಟಾ ಅವರ ಕೋಣೆಗೆ ಹೋಗಿ ಕುರ್ಚಿ ಎಳೆದು ಕೂತಳು.

"ನಾನು ಇವತ್ತಿಂದ ಮಾಡ್ತೀನಿ, ನನ್ ಹೆಸರಲ್ಲೇ ಬರೀತೀನಿ. ನೀವು ಈಗಲೇ ದಾನಿಗಳಿಗೆ ಕಾಗದ ಬರೀಬೇಕು. ಬರೆಯೋವರೆಗೂ ನಾನು ಏಳಲ್ಲ."

ಫಿಫಿಟಾ ಬರೆದರು. ಉತ್ತರ ಬರಲಿಲ್ಲ; ಅವಳು ಮತ್ತೆ ಕೂತಳು, ಅವರು ಮತ್ತೆ ಬರೆದರು. ಅತ್ತೆ ಫೆಹಿ ಚರ್ಚಿನ ಹೆಂಗಸರೆಲ್ಲರ ಸಹಿ ಹಾಕಿಸಿದ ಕಾಗದ ಕಳಿಸಿದರು. ಮೊದಲ ಸಹಿ ತೆಲೇಸಿಯಾಳದು. ನಾಲ್ಕನೆಯ ಕಾಗದಕ್ಕೆ ಪಟ್ಟಿಯಲ್ಲಿ ಅವಳ ಹೆಸರು ಸೇರಿತು. ಮಿಸ್ ಹಾರ್ಗ್ರೀವ್ಸ್ ಬಂದು ಎರಡು ವಾರ ಅವಳ ಪಕ್ಕದಲ್ಲೇ ನಿಂತು ನೋಡಿದರು. ಹೋಗುವಾಗ, ವರದಿ ಕಳಿಸಿರಲಿಲ್ಲ ಎಂದರು. ಅದನ್ನು ಉಪಕಾರವೆಂದು ಕಲೊಲೈನೆ ಎಣಿಸಲಿಲ್ಲ.

ತನ್ನ ಹೆಸರಿನಲ್ಲಿ ಇನ್ನೂರು ತುಂಬಿದ ಮೇಲೆ, ತನ್ನ ಮೂರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಸುವಾಕ್ಕೆ ಹೋದಾಗ ಅವಳಿಗೆ ಮೂವತ್ತೆಂಟು. ಸಹಪಾಠಿಗಳಿಗೆ ಇಪ್ಪತ್ತಮೂರು, ಇಪ್ಪತ್ತನಾಲ್ಕು. ಶಬ್ದದ ಅಲೆಗಳ ಲೆಕ್ಕದಲ್ಲಿ ಒಮ್ಮೆ ನಪಾಸಾದಳು, ಬೈದುಕೊಳ್ಳುತ್ತಲೇ ಎರಡನೆಯ ಸಲ ಪಾಸಾದಳು. ಪ್ರೋಬ್ ಹಿಡಿಯುವ ಪರೀಕ್ಷೆಯಲ್ಲಿ ಮಾತ್ರ ಅವಳ ಮುಂದೆ ಯಾರೂ ಇರಲಿಲ್ಲ.

ಈಗ ಮೊತುಹೇವಾದಲ್ಲಿ ಅವಳು ಇಬ್ಬರು ನರ್ಸುಗಳಿಗೆ ಕಲಿಸುತ್ತಾಳೆ. ಗದರುತ್ತಾಳೆ, ಆದರೂ ಕಲಿಯುವವರು ಬಿಟ್ಟುಹೋಗುವುದಿಲ್ಲ. ಸೆಮಿಸಿ ಪಕ್ಕದ ಕೋಣೆಯಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. ಕೆಲಸಕ್ಕೆ ಬೇಕಾದಷ್ಟೇ ಅವರ ನಡುವೆ ಮಾತು.

ಹೋದ ತಿಂಗಳು ಅವನು ಬಾಗಿಲಲ್ಲಿ ನಿಂತು, ಹೆಂಡತಿಗೆ ನಾಲ್ಕು ತಿಂಗಳು, ಕರೆತರಬಹುದೇ ಎಂದು ಕೇಳಿದ. ಕರೆತಂದ. ಹೆಂಡತಿಯಾದ್ದರಿಂದ ಅವನೂ ಒಳಗೆ ನಿಲ್ಲಬಹುದಿತ್ತು, ನಿಂತ. ಕಲೊಲೈನೆ ಪ್ರೋಬ್ ಇಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ಸೆಮಿಸಿ ಹೆಂಡತಿಯ ಕಡೆ ಬಾಗಿ, "ನೋಡು, ಅದು ಹೃದಯ. ಪಕ್ಕದಲ್ಲಿ ಬೆನ್ನುಮೂಳೆ," ಎಂದ ಪಿಸುದನಿಯಲ್ಲಿ, ಮತ್ತು ತಪ್ಪು ಮಾಡಿದವನಂತೆ ತಟ್ಟನೆ ನಿಲ್ಲಿಸಿದ.

ಅವನು ಹೇಳಿದ್ದು ಸರಿಯಾಗಿತ್ತು. "ಹೌದು," ಎಂದಳು ಕಲೊಲೈನೆ. ಚಿತ್ರ ಉಳಿಸಿ, ಹೊಟ್ಟೆ ಒರೆಸಿ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವಳ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು.