ಕಸ್ತೂರಿಯ ಮಕ್ಕಳಿಗೆ ಕಪ್ಪು ನೂಲು

ಕುದ್ರೋಳಿಯ ಜಟಕಾ ಮೂಸಬ್ಬನಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಆದರೆ ಯಾವ ಕುದುರೆಯ ತಾಯಿ ಯಾವುದು, ಆ ತಾಯಿಯ ತಾಯಿ ಯಾವುದು, ಯಾವುದು ಬೆಲ್ಲದ ವಾಸನೆಗೆ ಗಾಡಿ ಸಮೇತ ಅಂಗಡಿಗೆ ನುಗ್ಗುತ್ತಿತ್ತು ಎಂದು ಕೇಳಿದರೆ, ಬಂದರಿನಿಂದ ಕಂಕನಾಡಿ ಮುಟ್ಟುವವರೆಗೂ ಉಸಿರು ಬಿಡದೆ ಹೇಳುತ್ತಿದ್ದ. ಗಾಡಿಯಲ್ಲಿ ಕೂತವರಿಗೆ ತಾವು ಇಳಿಯಬೇಕಾದ ಜಾಗ ದಾಟಿದ್ದೂ ಗೊತ್ತಾಗುತ್ತಿರಲಿಲ್ಲ.

ಇದು ಅವನ ತಂದೆಯಿಂದ ಬಂದ ಗುಣ. ಮನೆಯಲ್ಲಿ ಮಗು ಹುಟ್ಟಿದರೆ ಏಳನೇ ದಿನ ಕೂದಲು ತೆಗೆಯುವ ಹಾಗೆ, ಆ ಮುದುಕ ಕುದುರೆ ಮರಿ ಹುಟ್ಟಿದರೂ ಏಳನೇ ದಿನ ಅದರ ಬಾಲದಿಂದ ಒಂದು ಹಿಡಿ ಕೂದಲು ಕತ್ತರಿಸುತ್ತಿದ್ದ. ಅದನ್ನು ಕಟ್ಟಾಗಿ ಬಿಗಿದು, ತಾಯಿಯ ಕೂದಲ ಕಟ್ಟು ಯಾವ ಸುತಳಿಯಲ್ಲಿ ತೂಗುತ್ತಿತ್ತೋ ಅದೇ ಸುತಳಿಗೆ ಕೆಳಗೆ ಗಂಟು ಹಾಕುತ್ತಿದ್ದ. ಓಣಿಯವರು ನಕ್ಕರೂ ಬಿಡಲಿಲ್ಲ. ಹೀಗೆ ಮೂಸಬ್ಬನ ಮನೆಯ ಮಾಡಿನಿಂದ ಏಳೆಂಟು ಸುತಳಿಗಳು ಇಳಿಬಿದ್ದಿದ್ದವು. ಮೇಲೆ ಅಜ್ಜಿ, ನಡುವೆ ತಾಯಿ, ಕೆಳಗೆ ಮಕ್ಕಳು. ಮುದುಕನದ್ದು ಇನ್ನೂ ಒಂದು ಕ್ರಮ ಇತ್ತು. ಮೈ ತುರಿಕೆ ಇರುವ ಕುದುರೆಯ ಕಟ್ಟಿಗೆ ಕಪ್ಪು ನೂಲು ಸುತ್ತುವುದು. ಅದರ ಮರಿಯನ್ನು ಕೊಳ್ಳಲು ಬಂದವರಿಗೆ ಮೊದಲು ಆ ನೂಲು ತೋರಿಸಬೇಕು, ಆಮೇಲೆ ಮಾತು. ಮೂಸಬ್ಬ ಎರಡನ್ನೂ ನಡೆಸಿಕೊಂಡು ಬಂದ.

ಅವನ ಹೆಣ್ಣು ಕುದುರೆ ಮುತ್ತುವಿಗೆ ಕಪ್ಪು ನೂಲು ಇತ್ತು. ಮೊದಲ ಮಳೆ ಬಿದ್ದು ಹತ್ತು ದಿನವಾಗುವಷ್ಟರಲ್ಲಿ ಅವಳ ಕುತ್ತಿಗೆಯ ಕೂದಲಿನ ಬುಡ, ಬಾಲದ ಬುಡ ಎರಡೂ ಉರಿಯಲು ಸುರುವಾಗುತ್ತಿತ್ತು. ಲಾಯದ ಕಂಬಕ್ಕೆ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಳ್ಳುತ್ತಿದ್ದಳು. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ತನ್ನಷ್ಟಕ್ಕೇ ಇಳಿಯುತ್ತಿತ್ತು. ಉಳ್ಳಾಲದ ಸಮುದ್ರದಲ್ಲಿ ಮೀಯಿಸಿದರೆ ತುರಿಕೆ ಹೋಗುತ್ತದೆ ಎಂದು ಜಟಕಾದವರೆಲ್ಲ ನಂಬಿದ್ದರು. ಮೂಸಬ್ಬ ಎರಡು ಮಳೆಗಾಲ ಸೀಮೆಎಣ್ಣೆ ಡಬ್ಬಿಗಳಲ್ಲಿ ಉಳ್ಳಾಲದ ನೀರು ತುಂಬಿಸಿ ತಂದು ಕುದ್ರೋಳಿಯಲ್ಲಿ ಅವಳ ಮೈಗೆ ಹೊಯ್ದ. ಗಾಯಕ್ಕೆ ಉಪ್ಪು ಬಿದ್ದು ಅವಳು ಒದ್ದಳು, ತುರಿಕೆ ಹೋಗಲಿಲ್ಲ.

ಕೆಸರು ನೀರು ಹರಿಯುವ ತೋಡಿನ ಬದಿಯ ಆ ಲಾಯದಲ್ಲಿ ನಾಲ್ಕು ಕುದುರೆಗಳು. ಒಂದು ಮೂಸಬ್ಬನದು, ಒಂದು ಅಲಿಯಬ್ಬನದು, ಇನ್ನೆರಡು ಬೇರೆಯವರದು. ಅಲಿಯಬ್ಬ ಮೂಸಬ್ಬನಿಗಿಂತ ಹತ್ತು ವರ್ಷ ಚಿಕ್ಕವನು, ಮಾತು ಮಾತ್ರ ಎರಡು ಪಟ್ಟು ದೊಡ್ಡದು. ಅವನು ಸಾವಿರದ ಒಂಬೈನೂರ ಎಪ್ಪತ್ತೇಳರ ಆರಂಭದಲ್ಲಿ ಕಾಸರಗೋಡಿನ ದಲ್ಲಾಳಿಯಿಂದ ಹಾಲಿನಂಥ ಬಿಳಿ ಕುದುರೆ ತಂದು ಸುಲ್ತಾನ್ ಎಂದು ಹೆಸರಿಟ್ಟಿದ್ದ. ಮದುವೆ ಮೆರವಣಿಗೆಗೆ ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಆ ವರ್ಷದ ಮಳೆಗಾಲ ಸುಮ್ಮನೆ ಕಳೆಯಿತು. ಎಪ್ಪತ್ತೆಂಟರ ಜೂನಿನಲ್ಲಿ ಸುಲ್ತಾನನೂ ಕಂಬಕ್ಕೆ ಕುತ್ತಿಗೆ ತಿಕ್ಕಲು ಸುರು ಮಾಡಿದ.

ಅಲಿಯಬ್ಬ ಲಾಯದ ನಡುವೆ ನಿಂತು ಕೂಗಾಡಿದ.

"ಹಿಡಿಯಿತಲ್ಲ ಮೂಸಾಕ! ಒಂದು ವರ್ಷ ನಿಮ್ಮ ಮುತ್ತುವಿನ ಪಕ್ಕದಲ್ಲಿ ನಿಂತದ್ದಕ್ಕೆ ನನ್ನ ಸುಲ್ತಾನನಿಗೂ ಕಜ್ಜಿ ಹಿಡಿಯಿತಲ್ಲ!"

"ಅದು ಹಿಡಿಯುವಂಥದ್ದಲ್ಲ ಮಾರಾಯ. ಹಿಡಿಯುವುದಾದರೆ ಐದು ವರ್ಷದಿಂದ ಒಂದೇ ಬಾಲ್ದಿಯಲ್ಲಿ ನೀರು ಕುಡಿದ ಆ ಎರಡಕ್ಕೆ ಯಾಕೆ ಹಿಡಿಯಲಿಲ್ಲ?"

"ಅವುಗಳದ್ದು ಅವುಗಳ ಯಜಮಾನರ ಹಾಗೆ ದಪ್ಪ ಚರ್ಮ. ನನಗೆ ಅದೆಲ್ಲ ಬೇಡ. ಶುಕ್ರವಾರ ಜುಮಾ ಕಳೆಯುವುದರೊಳಗೆ ಮುತ್ತು ಇಲ್ಲಿಂದ ಹೋಗಬೇಕು."

ಉಳಿದಿಬ್ಬರು ತಮ್ಮ ಕುದುರೆಗಳನ್ನು ಬಿಚ್ಚಿ ಮುತ್ತುವಿನಿಂದ ದೂರದ ಕಂಬಕ್ಕೆ ಕಟ್ಟಿದರು. ಅವರು ಯಾರ ಕಡೆಗೆ ಎಂದು ಮೂಸಬ್ಬನಿಗೆ ಗೊತ್ತಾಯಿತು. ಕುದ್ರೋಳಿಯಲ್ಲಿ ಕುದುರೆ ಕಟ್ಟಲು ಬೇರೆ ಜಾಗ ಇರಲಿಲ್ಲ. ಜಾಗ ಇಲ್ಲವೆಂದರೆ ಮಾರಬೇಕು. ಮಳೆಗಾಲದಲ್ಲಿ, ಕುತ್ತಿಗೆ ಬೋಳಾದ ಕುದುರೆಯನ್ನು ಗಾಡಿಗೆ ಯಾರೂ ಕೊಳ್ಳುವುದಿಲ್ಲ. ತೂಕ ನೋಡಿ ಒಯ್ಯುವವರು ಮಾತ್ರ ಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಅವನು ದನದ ಆಸ್ಪತ್ರೆಗೆ ಹೋಗಿ ಡಾಕ್ಟರ್ ಒಸ್ವಾಲ್ಡರನ್ನು ಕರಕೊಂಡು ಬಂದ. ಕಾಲೇಜು ಮುಗಿಸಿ ಬಂದು ಮೂರು ವರ್ಷವಾದ ಹುಡುಗಪ್ರಾಯದ ಡಾಕ್ಟರು. ಅವರು ಎರಡೂ ಕುದುರೆಗಳ ಚರ್ಮ ಕೆರೆದು ಗಾಜಿನ ಮೇಲೆ ತೆಗೆದುಕೊಂಡು ಹೋದರು, ಸಂಜೆ ತಿರುಗಿ ಬಂದರು.

"ಕಜ್ಜಿ ಹುಳ ಒಂದೂ ಇಲ್ಲ ಮೂಸಬ್ಬ. ಇದು ಅಲರ್ಜಿ."

"ಹಾಗೆಂದರೆ ಎಂತ ಡಾಕ್ಟ್ರೇ?"

"ಕೆಲವರಿಗೆ ಸಿಗಡಿ ತಿಂದರೆ ಮೈಯೆಲ್ಲ ತುರಿಸಿ ದಡಿಕೆ ಏಳುವುದಿಲ್ಲವಾ? ಅದೇ ಸಿಗಡಿ ಬೇರೆಯವರು ತಟ್ಟೆ ತುಂಬ ತಿಂದರೂ ಎಂತದೂ ಇಲ್ಲ. ಇಲ್ಲಿ ಸಿಗಡಿ ಅಲ್ಲ, ನುಸಿ. ತೋಡಿನ ಕೆಸರಿನಲ್ಲಿ ಹುಟ್ಟುತ್ತದೆ, ಸಾಸಿವೆಗಿಂತ ಸಣ್ಣದು. ಸಂಜೆ ಮತ್ತು ನಸುಕಿಗೆ ಕಚ್ಚುತ್ತದೆ. ಎಲ್ಲ ಕುದುರೆಗೂ ಕಚ್ಚುತ್ತದೆ, ಆದರೆ ಕೆಲವು ಕುದುರೆಯ ಮೈಗೆ ಮಾತ್ರ ಅದು ಆಗುವುದಿಲ್ಲ. ಮನೆತನದಲ್ಲಿ ಬರುವುದು ಉಂಟಂತೆ. ಇದರ ತಾಯಿಗೆ ಇತ್ತಾ?"

"ತಾಯಿಗಾ? ಅಜ್ಜಿಗೇ ಇತ್ತು. ಬನ್ನಿ, ತೋರಿಸ್ತೇನೆ."

ಡಾಕ್ಟರು ಮಾಡಿನ ಕೆಳಗೆ ತಲೆ ಎತ್ತಿ ನಿಂತರು. ಮೂಸಬ್ಬ ಒಂದೊಂದೇ ಕಟ್ಟು ಮುಟ್ಟುತ್ತ ಹೇಳಿದ. ಇದು ಬೆಳ್ಳಿ, ಕಪ್ಪು ನೂಲು. ಇದು ಅವಳ ಮಗಳು ಕಸ್ತೂರಿ, ಕಪ್ಪು ನೂಲು. ಕಸ್ತೂರಿಗೆ ನಾಲ್ಕು ಮಕ್ಕಳು. ಮೊದಲನೆಯದಕ್ಕೆ ತುರಿಕೆ ಇತ್ತು. ಎರಡನೆಯದು ಇದೇ ತೋಡಿನ ಬದಿಯಲ್ಲಿ ಮುದಿಯಾಗಿ ಸತ್ತಿತು, ಒಂದು ದಿನ ತುರಿಸಲಿಲ್ಲ. ಮೂರನೆಯದು ಕರಿ ಗಂಡು, ಮರಿಯಲ್ಲೇ ಉಳ್ಳಾಲಕ್ಕೆ ಹೋಯಿತು, ಅದೂ ಚೊಕ್ಕ. ನಾಲ್ಕನೆಯದು ಮುತ್ತು. ಉಳಿದ ಸುತಳಿಗಳಲ್ಲಿ ಹುಡುಕಿದರೂ ಕಪ್ಪು ನೂಲಿಲ್ಲ.

"ನಮ್ಮ ಪ್ರೊಫೆಸರು ಬೋರ್ಡಿನಲ್ಲಿ ಬಿಡಿಸಿದ್ದನ್ನು ನಿಮ್ಮ ತಂದೆ ಮಾಡಿಗೆ ಕಟ್ಟಿಟ್ಟಿದ್ದಾರೆ ಮಾರಾಯ್ರೆ!" ಡಾಕ್ಟರು ಜೇಬಿನಿಂದ ಕಾಗದ ತೆಗೆದು ಬರೆದುಕೊಂಡರು. ಬರೆದು ಮುಗಿಸಿ ಮೋರೆ ಸಣ್ಣ ಮಾಡಿದರು. "ಆದರೆ ಅಲಿಯಬ್ಬ ಕೇಳುವ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ಸುಲ್ತಾನ್ ಕಾಸರಗೋಡಿನಿಂದ ಬಂದವನು. ಅವನಿಗೆ ಯಾಕೆ ಬಂತು?"

ಅಡುಗೆ ಕೋಣೆಯ ಬಾಗಿಲಲ್ಲಿ ಮೂಸಬ್ಬನ ಹೆಂಡತಿ ಮೈಮೂನಾ ಚಾ ಹಿಡಿದು ನಿಂತಿದ್ದಳು. "ಕಾಸರಗೋಡಿನಿಂದ ಬಂದದ್ದು ದಲ್ಲಾಳಿ," ಎಂದಳು. "ಕುದುರೆ ಎಲ್ಲಿಂದ ಬಂತೋ ಯಾರು ಕೇಳಿದ್ದಾರೆ?"

ಮೂಸಬ್ಬ ಚಾ ಕುಡಿಯದೆ ಎದ್ದ.

ಲಾಯದಲ್ಲಿ ಅಲಿಯಬ್ಬ ಸುಲ್ತಾನನ ಕುತ್ತಿಗೆಗೆ ಎಣ್ಣೆ ಹಚ್ಚುತ್ತಿದ್ದ. ಮೂಸಬ್ಬ ಹತ್ತಿರ ಹೋದ. ಒಂದೂವರೆ ವರ್ಷ ಈ ಕುದುರೆಯನ್ನು ದಿನಾ ನೋಡಿದ್ದ. ಆದರೆ ಅದರ ಕುತ್ತಿಗೆಯ ಕೂದಲು ಹೆಂಗಸರ ಜಡೆಯಷ್ಟು ದಟ್ಟ, ಚರ್ಮ ಕಂಡವರಿಲ್ಲ. ಈಗ ತಿಕ್ಕಿ ತಿಕ್ಕಿ ಎಡಬದಿ ಅಂಗೈಯಗಲ ಬೋಳಾಗಿತ್ತು. ಆ ಬೋಳು ಜಾಗದ ಅಂಚಿನಲ್ಲಿ, ಗಿಡ್ಡ ಕೂದಲಿನಲ್ಲಿ, ಒಂದರ ಬೆನ್ನಿಗೆ ಒಂದು ತಿರುಗಿದ ಎರಡು ಸುಳಿ.

ಮೂಸಬ್ಬನ ಬೆರಳು ಅಲ್ಲೇ ನಿಂತಿತು.

"ಅಲಿಯಬ್ಬ, ಇವನು ಹುಟ್ಟುವಾಗ ಕಪ್ಪಗೆ ಇದ್ದವನು."

"ನಿಮಗೆ ತಲೆ ಸರಿ ಉಂಟಾ? ಇಷ್ಟು ಬೆಳ್ಳಗಿರುವ ಕುದುರೆ..."

"ಬಿಳಿಯಾಗುವ ಕುದುರೆ ಹುಟ್ಟುವುದೇ ಕಪ್ಪಗೆ. ವರ್ಷ ಹೋದ ಹಾಗೆ ಬಣ್ಣ ಬಿಡುತ್ತದೆ. ಈ ಜೋಡಿ ಸುಳಿಯನ್ನು ನಾನು ಏಳನೇ ದಿನ ನೋಡಿದ್ದೇನೆ. ಇವನು ಕಸ್ತೂರಿಯ ಮೂರನೆಯವನು. ಮುತ್ತುವಿನ ಅಣ್ಣ."

"ಶುಕ್ರವಾರ ಹತ್ತಿರ ಬಂತೆಂದು ಸಂಬಂಧ ಕಟ್ಟುತ್ತೀರಾ?"

"ಕಟ್ಟುವುದಲ್ಲ. ಗಾಡಿ ಹತ್ತು. ಉಳ್ಳಾಲಕ್ಕೆ ಹೋಗಿ ಜಮಾಲುದ್ದೀನನ ಬಾಯಿಂದಲೇ ಕೇಳುವ. ಸುಳ್ಳಾದರೆ ಮುತ್ತುವನ್ನು ನಾನೇ ಬಿಚ್ಚಿಕೊಂಡು ಹೋಗ್ತೇನೆ."

ಗುರುವಾರ ಬೆಳಿಗ್ಗೆ ಮುತ್ತುವನ್ನೇ ಗಾಡಿಗೆ ಹೂಡಿ ಇಬ್ಬರೂ ಹೊರಟರು. ನೇತ್ರಾವತಿಯ ಸಂಕ ದಾಟುವವರೆಗೆ ಅವಳು ನಿಂತಲ್ಲೆಲ್ಲ ಬಾಲವನ್ನು ಗಾಡಿಯ ಹಲಗೆಗೆ ತಿಕ್ಕುತ್ತಿದ್ದಳು. ಅಲಿಯಬ್ಬ ತನ್ನ ಲುಂಗಿಯನ್ನು ಹಲಗೆಗೆ ತಾಗದ ಹಾಗೆ ಎತ್ತಿಕೊಂಡು ಕೂತಿದ್ದ.

ಜಮಾಲುದ್ದೀನ್ ಮೀನಿನ ವ್ಯಾಪಾರಿ. ಉಳ್ಳಾಲದಲ್ಲಿ ಅವನ ಮನೆ ಇದ್ದದ್ದೇ ಹೊಯಿಗೆಯ ಮೇಲೆ, ಅಂಗಳ ಮುಗಿದಲ್ಲಿ ಸಮುದ್ರ. ಮಾತಾಡುವಾಗ ಒಂದು ಕೈ ಟೊಪ್ಪಿಯ ಮೇಲೇ ಇರಬೇಕು, ಅಂಥ ಗಾಳಿ.

"ನಿಮ್ಮಿಂದ ಕೊಂಡ ಕರಿ ಮರಿಯಾ? ಅದು ಕರಿ ಎಲ್ಲಿ ಉಳಿಯಿತು ಮೂಸಾಕ! ನಾಲ್ಕು ವರ್ಷಕ್ಕೆ ಬೂದಿ, ಏಳಕ್ಕೆ ಹಾಲು. ಕಳೆದ ವರ್ಷ ಲಾರಿ ತಕೊಂಡೆ, ಕುದುರೆಯನ್ನು ಕಾಸರಗೋಡಿನ ದಲ್ಲಾಳಿಗೆ ಕೊಟ್ಟೆ."

ಅಲಿಯಬ್ಬ ಕೇಳಿದ, "ಕುತ್ತಿಗೆಯಲ್ಲಿ ಸುಳಿ ಇತ್ತಾ?"

"ಎಡಬದಿ ಎರಡು. ಕೂದಲು ಎತ್ತಿದರೆ ಮಾತ್ರ ಕಾಣುವುದು."

"ತುರಿಕೆ?"

"ಏಳು ವರ್ಷದಲ್ಲಿ ಒಂದು ದಿನ ಇಲ್ಲ."

"ದಿನಾ ಸಮುದ್ರದಲ್ಲಿ ಮೀಯಿಸುತ್ತಿದ್ದಿಯಲ್ಲ, ಅದಕ್ಕೇ," ಎಂದ ಅಲಿಯಬ್ಬ.

ಜಮಾಲುದ್ದೀನ್ ನಕ್ಕ. "ಸಮುದ್ರವಾ? ಆ ಪುಕ್ಕಲನಿಗೆ ತೆರೆ ಕಂಡರೆ ಹಿಂದೆ ಹಿಂದೆ ಹೋಗುವುದು! ಬಾವಿ ನೀರು, ಅದೂ ಜುಮಾಕ್ಕೊಮ್ಮೆ."

ಮೂಸಬ್ಬ ತಿರುಗಿ ನೋಡಿದ. ತೆಂಗಿನ ಮರಕ್ಕೆ ಕಟ್ಟಿದ ಮುತ್ತು ಗಾಳಿಗೆ ಮೋರೆ ಕೊಟ್ಟು ನಿಂತಿದ್ದಳು. ಮರ ಪಕ್ಕದಲ್ಲೇ ಇತ್ತು, ಒಮ್ಮೆಯೂ ಮೈ ತಿಕ್ಕಿರಲಿಲ್ಲ. ಅವಳ ಬೆನ್ನಿನ ಮೇಲೆ ಒಂದು ನುಸಿ ಕೂರುವಂತಿರಲಿಲ್ಲ. ಮನುಷ್ಯನ ಟೊಪ್ಪಿ ಹಾರಿಸುವ ಗಾಳಿಯಲ್ಲಿ ಸಾಸಿವೆಯಷ್ಟರ ಜೀವ ಎಲ್ಲಿ ನಿಲ್ಲಬೇಕು?

"ಎರಡು ವರ್ಷ ನಾನು ಇಲ್ಲಿಂದ ನೀರು ಹೊತ್ತೆನಲ್ಲ ಅಲಿಯಬ್ಬ," ಎಂದ. "ಹೊರಬೇಕಾಗಿದ್ದದ್ದು ಗಾಳಿ."

ಆಮೇಲೆ ಜಮಾಲುದ್ದೀನನ ಕಡೆ ತಿರುಗಿದ. "ಚೊಕ್ಕ ಮರಿ ಎಂದು ಹೇಳಿ ನಿನಗೆ ಕೊಟ್ಟಿದ್ದೆ. ನನ್ನ ಮಾತು ತಪ್ಪಿತ್ತು. ತುರಿಕೆ ಅದರ ರಕ್ತದಲ್ಲಿ ಇತ್ತು, ನಿನ್ನ ಅಂಗಳದ ಗಾಳಿ ಅದನ್ನು ಏಳಲು ಬಿಡಲಿಲ್ಲ ಅಷ್ಟೆ."

ಬರುವಾಗ ಸಂಕದ ಮೇಲೆ ಅಲಿಯಬ್ಬ ಕಾಲು ಚಾಚಿ ಕೂತ. ಅವನ ಲುಂಗಿ ಈಗ ಹಲಗೆಯ ಮೇಲೇ ಹರಡಿತ್ತು. ಜಪ್ಪು ದಾಟುವಾಗ ಕೇಳಿದ.

"ಹಾಗಾದರೆ ಮೊದಲ ಮಳೆಗಾಲ ಯಾಕೆ ಸುಮ್ಮನಿದ್ದ?"

ಅದಕ್ಕೆ ಉತ್ತರ ಡಾಕ್ಟರ್ ಒಸ್ವಾಲ್ಡ್ ಸಂಜೆ ಲಾಯದಲ್ಲಿ ಕೊಟ್ಟರು. ಹೊಸ ಊರಿಗೆ ಬಂದ ಕುದುರೆಯ ಮೈ ಮೊದಲ ಸಲದ ಕಡಿತದಲ್ಲಿ ವೈರಿಯ ಗುರುತು ಹಿಡಿಯುತ್ತದೆ, ಜಗಳ ತೆಗೆಯುವುದು ಎರಡನೇ ಸಲ ಎಂದರು. ಮುತ್ತು, ಸುಲ್ತಾನ್ ಪಕ್ಕ ಪಕ್ಕ ನಿಂತದ್ದರಿಂದ ಬಂದದ್ದಲ್ಲ, ಒಬ್ಬಳೇ ತಾಯಿಯಿಂದ ಬಂದದ್ದು. ತಾಯಿಯಿಂದ ಬಂದರೂ ಎಲ್ಲ ಮಕ್ಕಳಿಗೂ ಬರಬೇಕೆಂದಿಲ್ಲ, ಕಸ್ತೂರಿಯ ಎರಡನೆಯದನ್ನು ನೋಡಿ. ಬಂದವರಿಗೂ ನುಸಿ ಕಚ್ಚದ ಹಾಗೆ ನೋಡಿಕೊಂಡರೆ ಅರ್ಧ ರೋಗ ಇಲ್ಲ. ಸಂಜೆಯ ಮಗ್ರಿಬ್ ಬಾಂಗಿಗೆ ಮೊದಲು ಗೋಣಿ ಹೊದೆಸಿ, ಬಾಗಿಲಲ್ಲಿ ಹೊಗೆ ಹಾಕಿ.

"ಮತ್ತೆ ಮೂಸಬ್ಬ, ಮುತ್ತುವಿಗೆ ಮರಿ ಹಾಕಿಸುವ ಯೋಚನೆ ಉಂಟಾ?"

ಇತ್ತು. ಮುಂದಿನ ವರ್ಷಕ್ಕೆಂದು ಮೂಸಬ್ಬ ಗಂಡು ಕುದುರೆಯನ್ನೂ ನೋಡಿಟ್ಟಿದ್ದ. ಅವನು ಮನೆಗೆ ಹೋಗಿ ಕಸ್ತೂರಿಯ ಸುತಳಿಯನ್ನು ಮಾಡಿನಿಂದ ಬಿಚ್ಚಿ ಲಾಯಕ್ಕೆ ತಂದ. ಡಾಕ್ಟರು, ಅಲಿಯಬ್ಬ, ಉಳಿದಿಬ್ಬರ ಎದುರು ಮೂರನೇ ಕಟ್ಟಿಗೆ, ಉಳ್ಳಾಲಕ್ಕೆ ಹೋದ ಕರಿ ಮರಿಯ ಕಟ್ಟಿಗೆ, ಕಪ್ಪು ನೂಲು ಸುತ್ತಿದ.

ಅಲಿಯಬ್ಬ ಬಗ್ಗಿ ನೋಡಿದ. ಕಟ್ಟಿನ ಕೂದಲು ಕಪ್ಪಗೇ ಇತ್ತು. ಸುಲ್ತಾನನ ಬಾಲ ಬೆಳ್ಳಗೆ. ಅವನು ಎರಡನ್ನೂ ಒಟ್ಟಿಗೆ ಹಿಡಿದು ನೋಡಿದ.

"ಶುಕ್ರವಾರದ್ದು ಬಿಡಿ ಮೂಸಾಕ," ಎಂದ. "ಅಣ್ಣ ತಂಗಿಯನ್ನು ಬೇರೆ ಮಾಡುವವನು ನಾನಲ್ಲ. ಮೈಮೂನತ್ತೆ ಗೋಣಿ ಹೊಲಿಯುವುದಾದರೆ ಎರಡು ಹೊಲಿಯಲಿ. ಇವನಿಗೆ ಸ್ವಲ್ಪ ಒಳ್ಳೆ ಗೋಣಿ, ಮದುವೆಗೆ ಹೋಗುವವನು."

ಗೋಣಿ ಮನೆಯಲ್ಲಿ ಬೇಕಷ್ಟಿತ್ತು. ಮೈಮೂನಾ ದಬ್ಬಣ ಹಿಡಿದು ಕೂತಳು. "ಸುತಳಿ ಕೊಡಿ," ಎಂದಳು.

ಕಸ್ತೂರಿಯ ಸಾಲಿನಲ್ಲಿ ಮುತ್ತುವಿನ ಕಟ್ಟಿನ ಕೆಳಗೆ ಎರಡು ಮಾರು ಸುತಳಿ ಉಳಿದಿತ್ತು. ಮುಂದೆ ಹುಟ್ಟುವವರಿಗೆಂದು ಬಿಟ್ಟದ್ದು. ಮೂಸಬ್ಬ ಅದನ್ನು ಗಂಟಿನ ಹತ್ತಿರಕ್ಕೇ ಕತ್ತರಿಸಿ ಹೆಂಡತಿಯ ಮಡಿಲಿಗೆ ಹಾಕಿದ.

"ಮೊದಲು ಮುತ್ತುವಿನದ್ದು ಹೊಲಿ," ಎಂದ. "ಬಾಂಗ್ ಕೊಡಲು ಇನ್ನು ಅರ್ಧ ಗಂಟೆ ಉಂಟು."