ಎಲ್ಲಕ್ಕೂ ಒಂದೇ ತೂಕ

"ನಿಮ್ಮ ಬೆರಳು ಸೋತವೆ ಟೀಚರಮ್ಮ, ಅಷ್ಟೇಯ. ಪಿಯಾನೋಗೇನೂ ಆಗಿಲ್ಲ ಬುಡಿ" ಅಂದರು ನಮ್ಮ ಶಾಲೆಯ ಸೆಕ್ರೆಟರಿ, ಮಕ್ಕಳ ಎದುರಿಗೇ. ಮೈಯೆಲ್ಲ ಉರಿದುಹೋಯಿತು. ತಲೆ ನರೆತ ಮಾತ್ರಕ್ಕೆ ಬೆರಳೂ ಸತ್ತವೇನ್ರಿ? ಆದರೆ ಒಳಗೊಳಗೇ ಹೆದರಿಕೆ. ಈ ಕೆಲಸ ಹೋದರೆ ನನಗೆ ಪಿಯಾನೋ ಎಲ್ಲಿದೆ? ಹನೂರಲ್ಲೋ ಯಳಂದೂರಲ್ಲೋ ಯಾರು ಇಟ್ಟುಕೊಂಡು ಕೂತಿದ್ದಾರೆ? ಕೊಳ್ಳೇಗಾಲದ ಈ ಗ್ರ್ಯಾಂಡ್ ಪಿಯಾನೋ ಕೂಡ ಬಿಳಿಗಿರಿಯ ತೋಟದ ಬಂಗಲೆಯವರು ಶಾಲೆಗೆ ಕೊಟ್ಟಿದ್ದು.

ರಜೆ ಮುಗಿಸಿ ಬಂದು ಕೂತಾಗಲೇ ನನಗೆ ಗೊತ್ತಾಗಿತ್ತು. ಎಡಗಡೆಯ ಕೀಗಳನ್ನು ಒತ್ತಿದರೆ ರುಬ್ಬುಗುಂಡು ತಿರುಗಿಸಿದ ಹಾಗೆ ಮಣಿಕಟ್ಟು ನೋವು. ಬಲತುದಿಯವು ಕೆಳಗೆ ಹೋದರೆ ಮೇಲೇಳಲೇ ಒಲ್ಲವು. ವಿಚಾರಿಸಿದರೆ ರಜೇಲಿ "ಸರ್ವಿಸ್" ಮಾಡಿಸಿದರಂತೆ. ಯಾರ ಕೈಲಿ? ರೇಷ್ಮೆ ಸೀರೆ ನೇಯುವ ಜಕಾರ್ಡ್ ಮಗ್ಗ ರಿಪೇರಿ ಮಾಡುವವರ ಕೈಲಿ! ನನ್ನನ್ನೊಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಆ ರಿಪೇರಿಯವರನ್ನೇ ಕರೆಸಿದೆ. "ಒತ್ತೋಕೆ ಹಗುರಾಗಲಿ ಅಂತ ಕೀ ಒಳಗೆ ಕೂರಿಸಿದ್ದ ಸೀಸದ ಬಿಲ್ಲೆ ಏನು ಮಾಡಿದಿರಿ?"

"ಬೂಷ್ಟು ಇಡ್ದಂಗೆ ಬೆಳ್ಳಗೆ ಊದ್ಕಂಡಿದ್ವು ಕಣ್ರಮ್ಮ. ಎಲ್ಲ ತಗ್ದು ಒಸಾವು ಆಕ್ದೆ. ಒಂದ್ರಲ್ಲಿ ಮೂರು, ಒಂದ್ರಲ್ಲಿ ಒಂದು, ಕೆಲವಕ್ಕೆ ಇಲ್ವೇ ಇಲ್ಲ, ಅದ್ಯಾವ ಲೆಕ್ಕ? ಮಗ್ಗದಲ್ಲಿ ಪ್ರತಿ ದಾರಕ್ಕೂ ಒಂದೇ ತೂಕ ಕಟ್ಟೋದು. ಇಲ್ಲೂ ಎಲ್ಲಕ್ಕೂ ಸಮ ಮಾಡಿವ್ನಿ."

"ಅಯ್ಯೋ ದೇವರೇ! ಕೀ ಒತ್ತಿದರೆ ತಂತಿಗೆ ಬಡಿಯೋ ಸುತ್ತಿಗೆ ಎಡಗಡೆ ದಪ್ಪ, ಬಲಗಡೇದು ಪುಟ್ಟದು. ಎರಡಕ್ಕೂ ಒಂದೇ ಸೀಸ ಹಾಕಿದರೆ ಬೆರಳಿಗೆ ಸಮ ಆಗುತ್ತೇನ್ರಿ?" ಕೂಗಾಡಿಬಿಟ್ಟೆ.

"ಯೋಳುದ್ರೆ ತಾನೇ ಗೊತ್ತಾಗಾದು!" ಅವರೂ ತಿರುಗಿಬಿದ್ದರು.

ಬೈದಾಡಿಕೊಂಡೇ ಇಬ್ಬರೂ ಕೆಲಸಕ್ಕೆ ಕೂತೆವು. ಚಿನ್ನದಂಗಡಿಯಿಂದ ತಂದ ಪುಟ್ಟ ತೂಕದ ಬಟ್ಟುಗಳನ್ನು ಕೀ ತುದಿಗೆ ಇಟ್ಟರೆ ಅದು ಮೆಲ್ಲಗೆ ಇಳಿಯಬೇಕು. ಬಟ್ಟು ಕಡಿಮೆ ಮಾಡಿದರೆ ತಾನಾಗೇ ಏಳಬೇಕು. ಇಳಿಯದಿದ್ದರೆ ಒಳಗೆ ಸೀಸ ಸೇರಿಸು, ಏಳದಿದ್ದರೆ ತೆಗೆ. ವಾರಗಟ್ಟಲೆ ಇದೇ ಗೋಳು. ಕಡೆಗೆ ಆ ತುದಿಯಿಂದ ಈ ತುದಿಗೆ ಬೆರಳು ಓಡಿಸಿದೆ. ಒಂದು ಕೀಯೂ ತಡೆಯಲಿಲ್ಲ. ನನ್ನ ಕೈ ನೆಟ್ಟಗಿತ್ತು, ಮೊದಲಿಂದಲೂ ನೆಟ್ಟಗೇ ಇತ್ತು! ಅಳುವೂ ಬಂತು, ಸಿಟ್ಟೂ ಬಂತು.

ಸೆಕ್ರೆಟರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಭೇಷ್! ಸರ್ಯಾಯ್ತಲ್ಲ. ಸೋಮವಾರದಿಂದ ಮೈಸೂರಿನ ಹುಡುಗಿ ಒಬ್ಬಳು ಬತ್ತಾಳೆ ಕಲ್ಸಕ್ಕೆ. ನೀವಿನ್ನು ಆರಾಮಾಗಿ ಮನೇಲಿರಿ."

ನಾನು ಸ್ಟೂಲು ಬಿಟ್ಟು ಏಳಲಿಲ್ಲ. "ಫೋನ್ ಮಾಡಿ ಹೇಳಿ ಸಾರ್, ಜಾಗ ಖಾಲಿ ಇಲ್ಲ ಅಂತ" ಅಂದು ಮತ್ತೆ ನುಡಿಸತೊಡಗಿದೆ.