ಒಲೆ ಸಮ ನಿಲ್ಲಲೆಂದು ಹಿಂದಕ್ಕೆ ನೂಕಿದ ಟಿಲ್ಲರ್

ನಾಗರಾಜ, ಅವತ್ತು ನೀನು ಕುಡಿದಿರಲಿಲ್ಲ. ಕುಡಿದಿದ್ದೀಯ ಅಂತ ನಿನ್ನಣ್ಣನಿಗೆ ಸುಳ್ಳು ಹೇಳಿದವಳು ನಾನು, ನಿನ್ನ ಅತ್ತಿಗೆ. ಟ್ರೇಲರ್ ಮಗುಚಿದ್ದೂ ನನ್ನಿಂದಲೇ.

ನನಗೆ ನೆಟ್ಟಗೆ ಬರೆಯಲು ಬರುವುದಿಲ್ಲ. ಆದರೂ ಬರೆಯುತ್ತೇನೆ — ಬಾಯಲ್ಲಿ ಹೇಳಿದರೆ ನೀನು ಅರ್ಧಕ್ಕೇ "ಹೋಗ್ಲಿ ಬುಡತ್ಗೆ" ಅಂದುಬಿಡುತ್ತೀಯ.

ನೀನು, ನಿನ್ನಣ್ಣ, ನಾನು, ಮೂವರೂ ಆ ಮಿನಿ ಲಾರಿಯಲ್ಲೇ ಬಾಳಿದವರು. ಓಡಿಸುತ್ತಿದ್ದವನು ನೀನು. ಹಿಂದೆ ತಗಡಿನ ಗೂಡು. ಅದರೊಳಗೇ ಒಲೆ, ಅದರೊಳಗೇ ಹಾಸಿಗೆ. ಬೆನ್ನಿಗೆ ಎರಡು ಚಕ್ರದ ಟ್ರೇಲರ್, ಅದರ ಮೇಲೆ ಹೊಲ ಉಳುವ ಟಿಲ್ಲರ್. ಕೊರಟಗೆರೆಯಿಂದ ಪಾವಗಡದವರೆಗೆ ಯಾರು ಕರೆದರೂ ಹೋಗಿ ಉತ್ತುಕೊಡುತ್ತಿದ್ದೆವು. ನೀನು ಟಿಲ್ಲರನ್ನು ಟ್ರೇಲರಿನ ಮುಂಭಾಗಕ್ಕೇ ತಂದು ಕಟ್ಟುತ್ತಿದ್ದೆ. ಆ ಭಾರ ಕೊಂಡಿಯ ಮೇಲೆ ಬಿದ್ದು ಲಾರಿಯ ಹಿಂಬದಿ ಕುಸಿಯುತ್ತಿತ್ತು. ನನ್ನ ಒಲೆ ವಾಲಿ, ಸಾರು ಒಂದೇ ಕಡೆಗೆ ಚೆಲ್ಲುತ್ತಿತ್ತು.

"ಒಸಿ ಹಿಂದಕ್ ತಳ್ಳೋ" ಅಂದರೆ ನೀನು ಕೇಳಲಿಲ್ಲ.

"ಕೊಂಡಿ ಮ್ಯಾಲೆ ಭಾರ ಕುಂತಿರ್ಬೇಕು ಕಣತ್ಗೆ. ಹಗುರಾದ್ರೆ ಟ್ರೇಲರ್ ಬಾಲ ಆಡುಸ್ತದೆ."

"ಆಡುಸ್ಲಿ ಬುಡ್ಲಾ. ನಾಯೀನೂ ಆಡುಸ್ತದೆ, ಅದಕ್ಕೇನ್ ಸಾರು ಚೆಲ್ತದಾ?"

ನೀನು ನಕ್ಕೆ. ಟಿಲ್ಲರ್ ಮಾತ್ರ ಅಲ್ಲೇ ಇತ್ತು.

ಕೊಡಿಗೇನಹಳ್ಳಿಯಲ್ಲಿ ನೀವಿಬ್ಬರೂ ಟೀ ಕುಡಿಯಲು ಹೋದಿರಿ. ನಾನು ಹಗ್ಗ ಬಿಚ್ಚಿ, ಟಿಲ್ಲರಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದು, ಅದನ್ನು ಹಿಂದಕ್ಕೆ ನೂಕಿ ಮತ್ತೆ ಕಟ್ಟಿದೆ. ಒಲೆ ಸಮ ನಿಂತಿತು. ನನಗೋ ಜಂಬ! ನೀನು ಬೆಳಿಗ್ಗೆಯೇ ನೋಡಿ ಕಟ್ಟಿದ್ದವನು, ಮತ್ತೆ ನೋಡಲಿಲ್ಲ.

ಪಾವಗಡದ ದಾರಿಯ ಇಳಿಜಾರಿನಲ್ಲಿ ಟ್ರೇಲರ್ ಆಡತೊಡಗಿತು. ಮೊದಲು ಮೆಲ್ಲಗೆ, ಆಮೇಲೆ — ಲಾರಿಯನ್ನೇ ಆಚೀಚೆ ಎಳೆದಾಡಿತು. ಕೊಂಡಿ ಕಿತ್ತು ಹಳ್ಳಕ್ಕೆ ಮಗುಚಿತು. ಟಿಲ್ಲರ್ ತುಂಡಾಯಿತು. ನಾವು ಮೂವರೂ ಉಳಿದದ್ದು ನೀನು ಲಾರಿ ಹಿಡಿದು ನಿಲ್ಲಿಸಿದ್ದಕ್ಕೆ. ಅದನ್ನು ಯಾರೂ ಹೇಳಲಿಲ್ಲ.

"ಹೆಂಗ್ ಓಡ್ಸಿದ್ಯೋ ಲೇ? ಕುಡ್ದಿದ್ದೀಯಾ?" ಅಂದರು ನಿನ್ನಣ್ಣ.

ನೀನು ಬಾಯಿ ತೆರೆಯುವ ಮುಂಚೆ ನಾನೇ ಅಂದೆ: "ಬೆಳಿಗ್ಗೆಯಿಂದ ವಾಸ್ನೆ ಬತ್ತಾನೇ ಅದೆ."

ಅಡಿಗೆಯವಳ ಮೂಗು ನೋಡು, ನಂಬಿಬಿಟ್ಟರು. ಅಲ್ಲೇ ನಿನ್ನ ಕೈಯಿಂದ ಕೀಲಿ ಕಿತ್ತುಕೊಂಡರು. ಆಮೇಲೆ ಯಾರೂ ನಿನಗೆ ಗಾಡಿ ಕೊಡಲಿಲ್ಲ. ಹೆಂಡ ಮುಟ್ಟದವನು ಕುಡುಕ ಅನ್ನಿಸಿಕೊಂಡು ಇಷ್ಟು ವರ್ಷ ಕೊಳಾಲದಲ್ಲಿ ಕುರಿ ಕಾಯುತ್ತಿದ್ದೀಯ.

ಟಿಲ್ಲರ್ ನೂಕಿದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ತಿಳಿಯದೆ ಮಾಡಿದ್ದು. ವಾಲಿದ ಒಲೆಯ ಮುಂದೆ ಯಾರಾದರೂ ಕೂತು ನೋಡಲಿ, ಆಮೇಲೆ ಮಾತಾಡಲಿ. ಆದರೆ ಆ ಮಾತು — ಅದನ್ನು ತಿಳಿದೇ ಆಡಿದೆ. ಅದಕ್ಕೆ ನೆಪ ಇಲ್ಲ.

ಇವತ್ತು ಬೆಳಿಗ್ಗೆ ನಿನ್ನಣ್ಣನಿಗೆ ಹೇಳಿದೆ. ತಟ್ಟೆ ಬಿಟ್ಟು ಎದ್ದು ಹೋದರು. ಹೋಗಲಿ. ಕೊಡಿಗೇನಹಳ್ಳಿಯ ಆ ಟೀ ಅಂಗಡಿಗೂ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಈಗ್ಯಾಕಜ್ಜಿ ಅದೆಲ್ಲ?" ಅಂತ ಒಬ್ಬ ನಕ್ಕ. "ನಾನ್ ಸತ್ಮೇಲೆ ನೀನ್ ಬಂದ್ ಹೇಳ್ತೀಯೇನ್ಲಾ?" ಅಂದೆ.

ನಾಳೆ ಕೊಳಾಲಕ್ಕೆ ಬರುತ್ತೇನೆ, ನಿನ್ನ ಊರವರ ಮುಂದೆಯೂ ಹೇಳಲು. ಅಳುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಬೈಯಬೇಕು ಅನ್ನಿಸಿದರೆ ಬೈ, ನಿಂತು ಕೇಳುತ್ತೇನೆ. "ಹೋಗ್ಲಿ ಬುಡತ್ಗೆ" ಅಂತ ಮಾತ್ರ ಅನ್ನಬೇಡ.